ಹಲ್ಲು ಕಿತ್ತ ತೊಟ್ಟಿ

ಷಡ್ಡಕರಿಬ್ಬರಲ್ಲಿ ದೊಡ್ಡವರು ವಕೀಲರು. ಚಿಕ್ಕವನು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ಅಕ್ಕ-ತಂಗಿಯರನ್ನು ಮದುವೆಯಾದ ಒಂದೇ ತಪ್ಪಿಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಬೇಕಾಗಿತ್ತು. ಇಲ್ಲದಿದ್ದರೆ ಬೀದಿಯಲ್ಲಿ ಎದುರಾದರೂ ಅಂಗಡಿ ಬೋರ್ಡು ಓದಿಕೊಂಡು ದಾಟಿಹೋಗುವ ಪೈಕಿ. ವಕೀಲರ ಪ್ರಕಾರ ಚಿಕ್ಕವನು ‘ಉಸಿರು ಬಿಗಿ ಹಿಡೀರಿ’ ಅನ್ನುವುದಕ್ಕೆ ಸಂಬಳ ಎಣಿಸುವವನು. ಚಿಕ್ಕವನ ಪ್ರಕಾರ ವಕೀಲರು ಕರಿಕೋಟಿನೊಳಗೆ ತುಂಬಿದ ಗಾಳಿ. “ಎಕ್ಸ್‌ರೇ ತೆಗೆದ್ರೆ ಒಂದು ಮೂಳೆನೂ ಕಾಣಲ್ಲ” ಅಂತ ಹೆಂಡತಿಯ ಮುಂದೆ ಹೇಳಿ ತಾನೇ ನಗುತ್ತಿದ್ದ.

ಇಂಥ ವಕೀಲರು ನಡುಮನೆಗೆ ಮೀನಿನ ತೊಟ್ಟಿ ತರಿಸಿದರು. ಗೋಡೆಯುದ್ದಕ್ಕೂ ಗಾಜು. ಒಂದು ಮೂಲೆಯಲ್ಲಿ ತಳದಿಂದ ಮೇಲಿನವರೆಗೆ ಕಪ್ಪು ಡಬ್ಬಿ. ತೊಟ್ಟಿಯ ಮೇಲ್ಮೈ ನೀರು ಈ ಡಬ್ಬಿಯ ಅಂಚು ದಾಟಿ ಒಳಗೆ ಸುರಿದು, ಅಲ್ಲಿ ನಿಲ್ಲಿಸಿದ ಕೊಳವೆಯ ಸಣ್ಣ ಕಂಡಿಗಳ ಮೂಲಕ ಕೆಳಗಿನ ಕಪಾಟಿಗೆ ಇಳಿದು, ಅಲ್ಲಿ ಸೋಸಿಕೊಂಡು ಪಂಪಿನ ಮೂಲಕ ಮತ್ತೆ ಮೇಲಕ್ಕೆ ಬರಬೇಕು. ನೀರಿನ ಜೊತೆ ಮೀನೂ ಜಾರದಿರಲಿ ಅಂತ ಡಬ್ಬಿಯ ಅಂಚಿಗೆ ಬಾಚಣಿಗೆಯಂಥ ಹಲ್ಲುಸಾಲು ಕೂರಿಸಿದ್ದರು. ವಕೀಲರು ಅದನ್ನು ಕಂಡು ಮೂಗು ಮುರಿದರು.

“ಇದೇನ್ರೀ ನಡುಮನೇಲಿ ಬಾಚಣಿಗೆ? ಅಸಹ್ಯ. ಕಿತ್ತು ಹಾಕಿ.”

ಜೋಡಿಸಲು ಬಂದವನು ಬಾಯಿ ತೆರೆದ. ವಕೀಲರು ಬೆರಳೆತ್ತಿದರು. ಅವನು ಬಾಯಿ ಮುಚ್ಚಿಕೊಂಡು ಹಲ್ಲುಸಾಲು ಕಿತ್ತುಕೊಟ್ಟು ಹೋದ.

ತೊಟ್ಟಿ ತೋರಿಸುವುದಕ್ಕೆಂದೇ ಹತ್ತಾರು ಜನರನ್ನು ಊಟಕ್ಕೆ ಕರೆದಿದ್ದರು. ಕರೆಯದೆ ವಿಧಿಯಿಲ್ಲ ಅಂತ ಷಡ್ಡಕನನ್ನೂ ಕರೆದಿದ್ದರು. ಅವನು ತೊಟ್ಟಿಯ ಸುತ್ತ ಒಮ್ಮೆ ಸುಳಿದು, “ಭಾವ, ಆ ಡಬ್ಬಿಗೆ ಏನಾದ್ರೂ ಅಡ್ಡ ಹಾಕ್ಸಿ. ಮೀನು ಒಳಗೆ ಹೋಗ್ತವೆ” ಅಂದ. ಒಳ್ಳೆಯ ಮಾತೇ, ಆದರೆ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಅಂದ.

“ನೀವು ಮೂಳೆ ನೋಡ್ಕೊಳ್ಳಿ, ಮೀನು ನಾನು ನೋಡ್ಕೋತೀನಿ” ಅಂದರು ವಕೀಲರು. “ಇಷ್ಟಗಲ ತೊಟ್ಟಿ ಬಿಟ್ಟು ಆ ಕತ್ತಲೆ ಗೂಡಿಗೆ ಹೋಗೋಕೆ ಅವೇನು ನಿಮ್ಮ ಪೇಷಂಟುಗಳಾ?”

ಊಟಕ್ಕೆ ಬಂದವರು ನಗದೆ ಇರುತ್ತಾರೆಯೇ? ನಕ್ಕರು. ಚಿಕ್ಕವನೂ ನಕ್ಕ. ಮನೆಗೆ ಹೋಗಿ ನಿದ್ದೆ ಬಾರದೆ ಹೊರಳಾಡಿದ.

ಸ್ವಲ್ಪ ದಿನಕ್ಕೆ ಮೀನು ಕಡಿಮೆಯಾಗತೊಡಗಿದವು. ಮೊದಲು ಕಿರುಬೆರಳಷ್ಟಿದ್ದ ನೀಲಿ ಮೀನು, ಆಮೇಲೆ ಪಟ್ಟೆಪಟ್ಟೆಯವು. ವಕೀಲರು ಸಾಕ್ಷಿ ಕೇಳದೆ ತೀರ್ಪು ಕೊಟ್ಟರು: ದಪ್ಪನೆಯ ಕಿತ್ತಳೆ ಮೀನೇ ಕೊಲೆಗಾರ. ಅದನ್ನು ಬಕೆಟ್ಟಿಗೆ ಗಡಿಪಾರು ಮಾಡಿದರು. ಮಾರನೆಯ ದಿನ ಇನ್ನೂ ಒಂದಷ್ಟು ಮಾಯ; ಕೊಲೆಗಾರ ಮಾತ್ರ ಬಕೆಟ್ಟಿನಲ್ಲೇ ಇದ್ದ. ಆಗ ತಪ್ಪು ಮೀನು ಮಾರಿದ ಅಂಗಡಿಯವನ ತಲೆಗೆ ಕಟ್ಟಿದರು. ಡಬ್ಬಿಯೊಳಗೆ ಮಾತ್ರ ಇಣುಕಲಿಲ್ಲ. ಇಣುಕಿದರೆ ಷಡ್ಡಕನ ಮಾತಿಗೆ ಬೆಲೆ ಕೊಟ್ಟಂತಾಗುತ್ತಿತ್ತಲ್ಲ!

ಅಕ್ಕನಿಗೆ ತಡೆಯಲಿಲ್ಲ. ಗಂಡ ಕೋರ್ಟಿಗೆ ಹೋದ ಹೊತ್ತು ನೋಡಿ ತಂಗಿಯ ಗಂಡನನ್ನು ಕರೆಸಿದಳು. ಅವನು ಕುರ್ಚಿ ಹತ್ತಿ ಮೊಬೈಲಿನ ಬೆಳಕು ಬಿಟ್ಟ. ಡಬ್ಬಿಯ ತಳದಲ್ಲಿ ಮೀನೆಲ್ಲ ಒಂದರ ಮೇಲೊಂದು ಒತ್ತಿಕೊಂಡು ಬಾಯಿ ಆಡಿಸುತ್ತಿದ್ದವು. ಅವನ ಹೊಟ್ಟೆ ತಣ್ಣಗಾಯಿತು.

“ಕಾಣಿಸ್ತಾ?” ಅಂದಳು ಅಕ್ಕ.

“ಇಲ್ಲ ಅತ್ತಿಗೆ, ಬರೀ ಕಪ್ಪು. ಭಾವನೇ ಒಂದು ಮಾತು ಕರೀಲಿ, ಬಂದು ಸರಿಯಾಗಿ ನೋಡ್ತೀನಿ.”

ವಕೀಲರು ಬಾಯಿಬಿಟ್ಟು ಕೇಳಬೇಕು, ಆ ಕುತ್ತಿಗೆ ಒಂಚೂರಾದರೂ ಬಗ್ಗಬೇಕು. ಅಲ್ಲಿಯವರೆಗೆ ಮೀನು ಕಾಯಲಿ. ಇದು ಆ ಮಹಾನುಭಾವನ ಹಟ. ಮನೆಗೆ ಬಂದವನು ಹೆಂಡತಿಗೂ ಹೇಳಲಿಲ್ಲ. ಫೋನು ಸದ್ದಾದಾಗಲೆಲ್ಲ ಓಡಿಹೋಗಿ ನೋಡುತ್ತಿದ್ದ. ವಕೀಲರು ಕರೆಯಲಿಲ್ಲ.

ಆ ಭಾನುವಾರ ಊಟಕ್ಕೆ ಗಂಡ-ಹೆಂಡತಿ ಅಲ್ಲಿಗೆ ಹೋದರು. ಮುಕ್ಕಾಲು ಖಾಲಿಯಾಗಿದ್ದ ತೊಟ್ಟಿಯ ಮುಂದೆ ಕೂತು ವಕೀಲರು ವಾದ ಮಂಡಿಸಿದರು: “ಸಾಯೋ ಮೀನು ಮಾರಿದಾನೆ ಕಳ್ಳ. ಸತ್ತಿವೆ, ನೀರಲ್ಲಿ ಕರಗಿವೆ. ಬಿಡಲ್ಲ ಅವನನ್ನ.”

“ಹೌದಾ ಭಾವ? ಮುಳ್ಳೂ ಕರಗುತ್ತಾ?”

“ಮುಳ್ಳೂ ಕರಗುತ್ತೆ.”

“ಅಬ್ಬಾ! ಎಂಥೆಂಥ ವಿಷಯ ತಿಳ್ಕೊಂಡಿದೀರ!”

ತಂಗಿ ಗಂಡನ ಮುಖ ನೋಡಿದಳು. ಬೇರೆಯವರು ಜಾರುವ ಮೊದಲೇ ಅವನ ತುಟಿಯಂಚಿಗೆ ಬರುವ ಆ ನಗು ಅವಳಿಗೆ ಚೆನ್ನಾಗಿ ಗೊತ್ತು. ತಟ್ಟೆ ಸರಿಸಿ ಎದ್ದಳು. ಕುರ್ಚಿ ಎಳೆದು ಹತ್ತಿ ಡಬ್ಬಿಯೊಳಗೆ ಬೆಳಕು ಬಿಟ್ಟಳು. ಮೊದಲು ಮೂಗಿಗೆ ನಾತ ಬಡಿಯಿತು. ಕೆಲವು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಉಳಿದವು ಅವುಗಳ ಕೆಳಗೆ ಏದುತ್ತಿದ್ದವು.

“ನಿಮಗೆ ಗೊತ್ತಿತ್ತು” ಅಂದಳು ಗಂಡನಿಗೆ.

“ನಾನು ನೋಡಿದಾಗ ಎಲ್ಲಾ ಬದುಕಿದ್ವಲ್ಲ!” ಬಾಯಿ ತಪ್ಪಿ ಬಂದೇಬಿಟ್ಟಿತು.

ವಕೀಲರು ಎದ್ದು ನಿಂತರು. “ಅಂದ್ರೆ ಗೊತ್ತಿದ್ದೂ ಮುಚ್ಚಿಟ್ರಿ! ಇದು ದ್ರೋಹ!”

“ಮೊದಲ ದಿನವೇ ಹೇಳಿದ್ನಲ್ಲ! ಹಲ್ಲು ಕೀಳ್ಸಿದ್ದು ಯಾರು?”

“ವಿಷಯಾಂತರ ಮಾಡ್ಬೇಡಿ!”

ಷಡ್ಡಕರು ಹೀಗೆ ಕೋಳಿಜಗಳಕ್ಕೆ ನಿಂತರೆ, ಅಕ್ಕ ಪಂಪು ನಿಲ್ಲಿಸಿ ಅಡುಗೆಮನೆಯಿಂದ ಉದ್ದ ಹಿಡಿಯ ಜರಡಿ ತಂದಳು. ತಂಗಿ ರವಿಕೆಯ ತೋಳು ಮೇಲಕ್ಕೆ ಮಡಿಸಿ ಭುಜದವರೆಗೂ ಕೈ ಇಳಿಸಿದಳು. ಬದುಕಿದ್ದವನ್ನು ಒಂದೊಂದಾಗಿ ತೊಟ್ಟಿಗೆ ಬಿಟ್ಟರು, ಸತ್ತವನ್ನು ಹಳೇ ಪೇಪರಿನ ಮೇಲೆ ಹಾಕಿದರು. ಬಕೆಟ್ಟಿನ ಕಿತ್ತಳೆ ಮೀನನ್ನೂ ಬಿಡುಗಡೆ ಮಾಡಿದರು. ವಾದ ಮಾತ್ರ ಇನ್ನೂ ನಡೆದಿತ್ತು.

“ಇಬ್ರೂ ಸ್ವಲ್ಪ ಆಚೆ ನಿಂತು ಜಗಳ ಆಡಿ” ಅಂದಳು ಅಕ್ಕ, ತಲೆ ಎತ್ತದೆ. “ಬೆಳಕಿಗೆ ಅಡ್ಡ ಬರ್ತಿದೀರ.”

ಇಬ್ಬರೂ ಸರಿದು ನಿಂತರು.

ತರಕಾರಿ ಬುಟ್ಟಿಯ ಪ್ಲಾಸ್ಟಿಕ್ ಜಾಲರಿ ಕತ್ತರಿಸಿ ಅಕ್ಕ-ತಂಗಿ ಡಬ್ಬಿಯ ಅಂಚಿಗೆ ಬಿಗಿದರು. ಆಮೇಲೆ ಒಂದು ಮೀನೂ ಒಳಗೆ ಬೀಳಲಿಲ್ಲ. ಪಾಚಿ ಕಟ್ಟಿದಾಗ ಜಾಲರಿ ಉಜ್ಜುವವಳು ಅಕ್ಕ. ‘ನನ್ನದೇ ಡಿಸೈನು’ ಅಂತ ಬಂದವರಿಗೆ ತೋರಿಸುವವರು ವಕೀಲರು.

ಚಿಕ್ಕವನು ಆಸ್ಪತ್ರೆಯಲ್ಲಿ ಈ ಕತೆಯನ್ನು ತನಗೆ ಬೇಕಾದಂತೆ ಕತ್ತರಿಸಿ ಹೇಳಿದ. ಒಮ್ಮೆ ಜೊತೆಯವರು ಮನೆಗೇ ಬಂದಿದ್ದಾಗ ಅವರನ್ನೆಲ್ಲ ನಗಿಸುತ್ತ, “ಕುರ್ಚಿ ಹತ್ತಿ ನೋಡ್ತೀನಿ, ಎಲ್ಲಾ ಡಬ್ಬಿಯೊಳಗೆ!” ಅಂದ. ಹೆಂಡತಿ ಟೀ ತಂದಿಟ್ಟಳು. ಆ ಭಾನುವಾರದಿಂದ ಅವಳು ಗಂಡನನ್ನು ‘ನೀವು’ ಅನ್ನುವುದು ಬಿಟ್ಟಿದ್ದಳು. ಕಚೇರಿಯ ಗುಮಾಸ್ತೆ ಗುರುತಿಲ್ಲದವರನ್ನು ಕರೆಯುವಂತೆ ‘ತಾವು’ ಅನ್ನುತ್ತಿದ್ದಳು.

“ನೋಡಿ ಕೆಳಗಿಳಿದ ಮೇಲೆ ತಾವೇನು ಮಾಡಿದ್ರಿ, ಅದನ್ನೂ ಹೇಳಿ” ಅಂದಳು.

ಬಂದವರು ಕಿವಿ ನಿಮಿರಿಸಿ ಕೂತರು. ಅವನು ಸಕ್ಕರೆ ಸಾಕೇ ಅಂತ ಒಬ್ಬೊಬ್ಬರನ್ನೂ ಕೇಳತೊಡಗಿದ.