ನೀರು ಕೇಳದ ಬ್ಯಾಟರಿ

ವ್ಯಾನಿನ ಬ್ಯಾಟರಿ ಸತ್ತಿದೆಯೆಂದು ಹೇಮಲತಾಗೆ ಹೇಗೆ ಗೊತ್ತಾಯಿತು?

ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಕಾರು ನಿಂತು ಹತ್ತು ನಿಮಿಷವಾಗಿತ್ತು. ಹೂಡಿಯ ಮನೆ ಬಿಟ್ಟಾಗಿನಿಂದ ಅಮರೇಶ್ ಇದೊಂದನ್ನೇ ಕೇಳಿಕೊಳ್ಳುತ್ತಿದ್ದ. ಹಿಂದೆ ಡಿಕ್ಕಿಯಲ್ಲಿ ಹಳೆಯ ಬ್ಯಾಟರಿ ಇತ್ತು. ಬ್ರೇಕ್ ಒತ್ತಿದಾಗಲೆಲ್ಲ ದಡ್ ಎಂದು ಮುಂದಕ್ಕೆ ಸರಿದು ತಾನಿರುವುದನ್ನು ನೆನಪಿಸುತ್ತಿತ್ತು.

ವ್ಯಾನು ಎರಡು ವರ್ಷದಿಂದ ನಿಂತಲ್ಲೇ ನಿಂತಿತ್ತು. ಅದು ಮೊದಲು ಶಾಲೆಯ ಮಕ್ಕಳನ್ನು ಹೊರುತ್ತಿದ್ದ ಗಾಡಿ. ಅಮರೇಶ್ ಅದನ್ನು ಕೊಂಡು, ಸೀಟು ಕೀಳಿಸಿ, ಎರಡು ಮಂಚ, ಗೇಣುದ್ದದ ಅಡುಗೆ ಕಟ್ಟೆ, ಫ್ಯಾನು, ದೀಪ, ಮೇಲೆ ಸೋಲಾರ್ ಹಲಗೆ ಹಾಕಿಸಿದ್ದ. ಎಂಜಿನ್ನಿಗೆ ಒಂದು ಬ್ಯಾಟರಿ, ಒಳಗಿನ ಸಂಸಾರಕ್ಕೆ ಇನ್ನೊಂದು. ದೇಶ ಸುತ್ತುವ ಯೋಜನೆ. ಸುತ್ತಿದ್ದು ಮೂರು ಊರು. ಮೂರನೆಯದರಲ್ಲಿ ಗಂಡ ಹೆಂಡತಿ ಎದುರುಬದುರು ಮಂಚದ ಮೇಲೆ ಕೂತು ಮಾತಿಗೆ ಏನೂ ಸಿಗದೆ, ಎಂಟು ಗಂಟೆಗೇ ದೀಪ ಆರಿಸಿ ಮಲಗಿದ್ದರು. ಸತ್ತಿರುವುದು ಈ ಸಂಸಾರದ ಬ್ಯಾಟರಿ.

ಬೆಳಿಗ್ಗೆ ದೋಸೆ ಮಗುಚುತ್ತ ಹೇಮಲತಾ, "ವ್ಯಾನಿನ ಬ್ಯಾಟರಿ ಹೋಗೇತಿ. ಇವತ್ತ ಒಂದು ಚಲೋದು ತಂದು ಹಾಕ್ರಿ" ಅಂದಳು.

ಒಂದು ದೋಸೆ ಬೇಯುವಷ್ಟು ಹೊತ್ತು ಅವನಿಗೆ ಖುಷಿಯಾಯಿತು. ಎಲ್ಲಿಗೆ ಹೋಗೋಣ ಎಂದು ಕೇಳಿದ. ಎಲ್ಲಿಗೂ ಇಲ್ಲ ಅಂದಳು.

ಎಲ್ಲಿಗೂ ಹೋಗದ ವ್ಯಾನಿಗೆ ಚಲೋ ಬ್ಯಾಟರಿ ಯಾಕೆ? ಇದನ್ನು ಕೇಳುವುದಕ್ಕೆ ಎಂಟೆದೆಯೇನೂ ಬೇಕಿರಲಿಲ್ಲ. ಆದರೂ ಅವನು ಚಟ್ನಿ ಕೇಳಿದ. ಕಂಪನಿಯಲ್ಲಿ ಅಮರೇಶನ ಕೆಲಸವೇ ಸತ್ತ ಯಂತ್ರಗಳು ಯಾಕೆ ಸತ್ತವು ಎಂದು ವರದಿ ಬರೆಯುವುದು. ಕಾರಣ ಸಿಗುವವರೆಗೆ ಅನ್ನ ಸೇರದ ಮನುಷ್ಯ ಎಂದು ಅಲ್ಲಿ ಹೆಸರು. ಮನೆಯಲ್ಲಿ ಮಾತ್ರ ಅವನು ಎಲ್ಲದಕ್ಕೂ ಚಟ್ನಿ ಕೇಳುತ್ತಿದ್ದ.

ಅಪಾರ್ಟ್‌ಮೆಂಟಿನ ನೆಲಮಾಳಿಗೆಯೊಳಗೆ ವ್ಯಾನು ಹಿಡಿಸುತ್ತಿರಲಿಲ್ಲ. ಅದು ನಿಂತಿರುವುದು ರಸ್ತೆಯಾಚೆ ಲೋಕೇಶನ ಜಾಗದಲ್ಲಿ. ಎರಡು ಗಾಜಿನ ಕಟ್ಟಡಗಳ ನಡುವೆ ಅವರಪ್ಪ ಮಾರದೆ ಉಳಿಸಿದ ತುಂಡು ನೆಲ. ಒಂದು ಕೊಟ್ಟಿಗೆ, ಒಂದು ಹೊಂಗೆಮರ, ಗೇಟಿನ ಬಳಿ ಚಪ್ಪಡಿ ಕಲ್ಲು, ಕಲ್ಲಿನ ಮೇಲೆ ಅವನ ತಾಯಿ ಸೊಣ್ಣಮ್ಮ. ಲೋಕೇಶ ಎರಡು ನೀರಿನ ಟ್ಯಾಂಕರುಗಳ ಒಡೆಯ. ವಯಸ್ಸು ನಲವತ್ತು, ತೋಳು ಮಾತ್ರ ಮೂವತ್ತರದು. ಅಮರೇಶನನ್ನು ಸಾರ್ ಅನ್ನುತ್ತಾನೆ. ಹೇಮಲತಾಳನ್ನು ಅಕ್ಕ ಅನ್ನುತ್ತಾನೆ. ಈ ಎರಡರಲ್ಲಿ ಯಾವುದು ಹತ್ತಿರದ್ದು ಎಂದು ಅಮರೇಶ್ ಹಿಂದೆಂದೂ ಯೋಚಿಸಿರಲಿಲ್ಲ.

ಬೆಳಿಗ್ಗೆ ಗೇಟು ತೆಗೆದಾಗ ಸೊಣ್ಣಮ್ಮ ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು, ಯಾರದು ಎಂದಳು. ಎರಡು ಕಣ್ಣಿಗೂ ಪೊರೆ ಬಂದಿತ್ತು. ವ್ಯಾನಿನ ಸಾರು ಎಂದು ಲೋಕೇಶ ಕೂಗಿ ಹೇಳಿದ.

"ಓ, ಆವಯ್ಯನಾ" ಅಂದು ಮುದುಕಿ ಎಲೆಯಡಿಕೆ ಉಗುಳಿದಳು.

ವ್ಯಾನಿನ ಪಕ್ಕಕ್ಕೆ, ಮೇಲಿನ ಸೋಲಾರ್ ಹಲಗೆಗೆ ಕೈ ನಿಲುಕುವ ಹಾಗೆ, ಒಂದು ಏಣಿ ಒರಗಿತ್ತು. ಲೋಕೇಶ ಒಳಗೆ ಹತ್ತಿದವನೇ ಎಡಗಡೆಯ ಮಂಚದ ಹಲಗೆಯನ್ನು ಎತ್ತಿ, ಅದರಡಿಯ ಬ್ಯಾಟರಿಯ ವೈರು ಬಿಚ್ಚತೊಡಗಿದ. ಬ್ಯಾಟರಿ ಯಾವ ಮಂಚದ ಕೆಳಗಿದೆ ಎಂದು ಕೇಳಲಿಲ್ಲ. ಸ್ಪ್ಯಾನರು ಎಲ್ಲಿದೆಯೆಂದೂ ಕೇಳಲಿಲ್ಲ. ಅಮರೇಶನಿಗೇ ಅದು ಬಲಗಡೆಯದೆಂದು ನೆನಪಿತ್ತು.

"ನೂರೈವತ್ತು ಆಂಪಿಯರ್‌ದೇ ತಗೊಳ್ಳಿ ಸಾರ್," ಅಂದ ಲೋಕೇಶ, ಬ್ಯಾಟರಿಯನ್ನು ಒಬ್ಬನೇ ಎತ್ತಿಕೊಂಡು. "ಸಂಜೆ ಪೂರ್ತಿ ಫ್ಯಾನ್ ಓಡ್ಬೇಕಲ್ಲ, ಸೊಳ್ಳೆ ಇಲ್ಲಿ."

ಯಾರ ಸಂಜೆ? ಅಮರೇಶ್ ಥ್ಯಾಂಕ್ಸ್ ಹೇಳಿದ.

ಮೇಲ್ಸೇತುವೆಯ ಮೇಲಿನ ಗಾಡಿಗಳ ಸಾಲು ಕದಲಿತು. ಹೊಟ್ಟೆಕಿಚ್ಚು ಎಂಬ ಮಾತನ್ನು ಅವನು ಇಲ್ಲಿಯವರೆಗೆ ಬೇರೆಯವರ ಬಡ್ತಿಗೆ ಮಾತ್ರ ಬಳಸಿದ್ದ. ಅದು ಬರೀ ಮಾತಲ್ಲ, ಹೊಕ್ಕುಳಿನ ಮೇಲೆ ನಾಲ್ಕು ಬೆರಳು ಜಾಗದಲ್ಲಿ ಸರಿಯಾಗಿ ಉರಿಯುತ್ತದೆ ಎಂದು ನಲವತ್ತೇಳನೆಯ ವಯಸ್ಸಿನಲ್ಲಿ ಗೊತ್ತಾಯಿತು. ಬ್ಯಾಟರಿ ವೈಟ್‌ಫೀಲ್ಡಿನಲ್ಲೂ ಸಿಗುತ್ತಿತ್ತು. ಅವನಿಗೆ ದೂರ ಬೇಕಾಗಿತ್ತು, ಅದಕ್ಕೇ ಪೀಣ್ಯ.

ಪೀಣ್ಯ ಎರಡನೇ ಹಂತದಲ್ಲಿ ಲೇತ್ ಯಂತ್ರಗಳ ಸದ್ದಿನ ನಡುವೆ ಗದಿಗೆಪ್ಪನ ಅಂಗಡಿ. ಹೊರಗೆ ಸತ್ತ ಬ್ಯಾಟರಿಗಳ ಗುಡ್ಡೆ, ಒಳಗೆ ಹೊಸವುಗಳ ಸಾಲು, ನಡುವೆ ಸ್ಟೂಲಿನ ಮೇಲೆ ಹಣೆತುಂಬ ವಿಭೂತಿ ಹಚ್ಚಿದ, ರೋಣದ ಕಡೆಯ ಮನುಷ್ಯ. ಆಸಿಡ್ಡಿನಿಂದ ಅಂಗಿಯ ಮುಂಭಾಗ ತೂತುತೂತಾಗಿತ್ತು. ಡಾಕ್ಟರರ ಹಾಗೆ ಮೊದಲು ಪ್ರಶ್ನೆ ಕೇಳಿದ. ಗಾಡಿ ದಿನಾ ಓಡುತ್ತದೋ? ಒಳಗೆ ಏನೇನು ಉರಿಯುತ್ತದೆ? ಎಷ್ಟು ತಾಸು?

ಅಮರೇಶನಿಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಪ್ರವಾಸ ಹೋಗ್ತಿರ್ತೀವಿ, ನಾನು ಮತ್ತು ನನ್ನ ಹೆಂಡತಿ ಎಂದು ಹೇಳಿದ. ತನ್ನ ಹುಟ್ಟೂರು ರಾಣೆಬೆನ್ನೂರಿನ ಬಾಯನ್ನು ಬಿಗಿಹಿಡಿದು ಬೆಂಗಳೂರಿನ ಕನ್ನಡದಲ್ಲಿ ಹೇಳಿದ, ಸುಳ್ಳು ಆ ಭಾಷೆಯಲ್ಲಿ ಸಲೀಸಾಗಿ ಬರುತ್ತಿತ್ತು.

ಗದಿಗೆಪ್ಪ ಹಳೆಯ ಬ್ಯಾಟರಿಯ ಆರೂ ಮುಚ್ಚಳ ತಿರುಪಿ ತೆಗೆದ. ಗಾಜಿನ ನಳಿಗೆಯಿಂದ ಒಂದೊಂದು ಬಾಯಿಯ ನೀರನ್ನೂ ಹೀರಿ, ಬೆಳಕಿಗೆ ಹಿಡಿದು, ಮತ್ತೆ ಒಳಗೆ ಬಿಟ್ಟ. ವೈರು ಕೂಡುವ ಸೀಸದ ತುದಿಗೆ ಸವರಿದ್ದ ವ್ಯಾಸಲೀನನ್ನು ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ ಅಮರೇಶನನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ.

"ನಿಂತು ಕೆಟ್ಟಿದ್ದಲ್ಲ ಇದು. ದುಡದು ದುಡದು ಸತ್ತೈತಿ," ಅಂದ. "ನೀರು ನೋಡ್ರಿ, ಗೆರಿ ಮಟ ಐತಿ, ಒಂದರಾಗೂ ಕಮ್ಮಿ ಇಲ್ಲ. ದಿನಾ ಮೂರ್ನಾಲ್ಕು ತಾಸು ಉರಿದೈತಿ, ಮರುದಿನ ಚಾರ್ಜ್ ಆಗೇತಿ. ಇಷ್ಟು ಚೆಂದ ಯಾರೂ ನೋಡ್ಕೊಳ್ಳಂಗಿಲ್ರಿ. ನಿಮ್ಮಂಥೋರು ಭಾಳ ಕಮ್ಮಿ."

ಅಮರೇಶ್ ತನ್ನ ಜನ್ಮದಲ್ಲಿ ಈ ಬ್ಯಾಟರಿಗೆ ಒಂದು ತೊಟ್ಟು ನೀರು ಹಾಕಿರಲಿಲ್ಲ. ಹಾಕಬೇಕೆಂಬುದೂ ಅವನಿಗೆ ಗೊತ್ತಿರಲಿಲ್ಲ. ಹೊಗಳಿಕೆ ಬಂದಿತ್ತು, ತೆಗೆದುಕೊಂಡ. "ನೋಡ್ಕೋಬೇಕಲ್ವಾ" ಅಂದ.

"ಪೂಜಾನೂ ಮಾಡೀರಿ," ಎಂದು ಗದಿಗೆಪ್ಪ ಬ್ಯಾಟರಿಯ ಪಕ್ಕೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಹೊಸದನ್ನು ತರಲು ಒಳಗೆ ಹೋದ.

ಅಮರೇಶ್ ಬಗ್ಗಿ ನೋಡಿದ. ಬ್ಯಾಟರಿಯ ಕಪ್ಪು ಪಕ್ಕೆಯ ಮೇಲೆ ವಿಭೂತಿಯ ಮೂರು ಗೆರೆ, ನಡುವೆ ಒಂದು ಕುಂಕುಮದ ಬೊಟ್ಟು.

ಆಯುಧಪೂಜೆಯ ದಿನ. ಆ ದಿನ ಹೇಮಲತಾಗೆ ತಲೆನೋವಿತ್ತು. ಅವನ ಕಾರಿಗೆ ಒಂದು ನಿಂಬೆಹಣ್ಣನ್ನೂ ಇಟ್ಟಿರಲಿಲ್ಲ. ಬೇಸರವಿಲ್ಲ, ನನಗೆ ಅಂಥದರಲ್ಲಿ ನಂಬಿಕೆಯೂ ಇಲ್ಲ ಎಂದು ಅವನೇ ಸಮಾಧಾನ ಹೇಳಿದ್ದ. ಮಂಚದ ಕೆಳಗಿನ ಕತ್ತಲೆಯಲ್ಲಿ, ಯಾರೂ ಕಾಣದ ಈ ಡಬ್ಬಕ್ಕೆ ಮಾತ್ರ ಪೂಜೆಯಾಗಿತ್ತು.

ಅವನು ಆಚೀಚೆ ನೋಡಿ, ತನ್ನ ಮೂರು ಬೆರಳುಗಳನ್ನು ಗೆರೆಗಳ ಮೇಲಿಟ್ಟ. ಬೆರಳು ಗೆರೆಯಿಂದ ಹೊರಗೆ ಚಾಚಿದವು. ಎಳೆದದ್ದು ಸಣ್ಣ ಕೈ. ಹೇಮಲತಾಳದೇ ಇರಬೇಕು. ಅವಳ ಬೆರಳು ಎಷ್ಟು ದಪ್ಪ? ಇಪ್ಪತ್ತು ವರ್ಷದ ಮದುವೆ, ಜ್ಞಾಪಕಕ್ಕೆ ಬರಲಿಲ್ಲ. ಸರಿ, ವಿಭೂತಿ ಅವಳದು. ಕುಂಕುಮ ಯಾರದು? ಅವಳೇ ಇಟ್ಟಿರಬಹುದು. ಇನ್ನೊಬ್ಬರೂ ಇಟ್ಟಿರಬಹುದು. ಒಂದು ಬೊಟ್ಟಿನಲ್ಲಿ ಬೆರಳಿನ ಅಳತೆ ಸಿಗುವುದಿಲ್ಲ. ಒಂದು ಬ್ಯಾಟರಿಯ ಮೇಲೆ ತನಗೆ ಮತ್ಸರ ಹುಟ್ಟಿದೆ ಎಂಬುದು ಅವನಿಗೆ ಸ್ಪಷ್ಟವಾಗಿತ್ತು. ಅದರ ಬಾಯಿಗೆ ಯಾರೋ ತಿಂಗಳು ತಿಂಗಳೂ ನೀರು ಬಿಟ್ಟಿದ್ದರು, ಗೆರೆ ಮಟ್ಟಕ್ಕೆ, ಚೆಲ್ಲದಂತೆ.

ಗದಿಗೆಪ್ಪ ಎರಡು ಹೊಸ ಬ್ಯಾಟರಿಗಳನ್ನು ತಂದಿಟ್ಟ. ಒಂದು ಹಳೆಯದರ ಹಾಗೇ, ಆರು ಮುಚ್ಚಳದ್ದು, ನೂರೈವತ್ತರದು. ನೀರು ನೋಡಿಕೊಳ್ಳುವ ಮನೆಗೆ ಇದೇ ಸರಿ, ಐದು ವರ್ಷವಾದರೂ ಬಂದೀತು ಅಂದ. ಇನ್ನೊಂದು ನಾಲ್ಕೂ ಕಡೆ ಮುಚ್ಚಿದ್ದು. ಅದಕ್ಕೆ ಬಾಯಿಯೇ ಇಲ್ಲ, ನೀರೇ ಕೇಳುವುದಿಲ್ಲ. ಮೇಲೊಂದು ಪುಟ್ಟ ಗಾಜಿನ ಚುಕ್ಕೆ. ಹಸಿರಿದ್ದರೆ ಎಲ್ಲ ಸರಿ, ಕಪ್ಪಾದರೆ ಖಾಲಿ. ನೋಡಿಕೊಳ್ಳಲು ಯಾರೂ ಇಲ್ಲದವರು ಕೊಳ್ಳುವಂಥದ್ದು. ಬಾಳಿಕೆ ಅರ್ಧ.

"ನಿಮಗ ಇದ್ಯಾಕ ಬೇಕ್ರಿ" ಎಂದು ಅವನೇ ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ.

"ಅದೇ ಕೊಡಿ" ಅಂದ ಅಮರೇಶ್.

ಗದಿಗೆಪ್ಪ ಎರಡು ಸಲ ತಿಳಿಸಿ ಹೇಳಿದ. ಅಮರೇಶ್ ಎರಡು ಸಲವೂ ಬೆರಳು ತೋರಿಸಿದ. ಯಾರೂ ಮುಚ್ಚಳ ತೆಗೆಯಲಾರದ್ದು, ಯಾರ ಕೈಯ ನೀರನ್ನೂ ಕುಡಿಯದ್ದು. ದಿನದಲ್ಲಿ ಮೊದಲ ಬಾರಿಗೆ ಹೊಟ್ಟೆಯುರಿ ಸ್ವಲ್ಪ ಇಳಿಯಿತು. ಹಳೆಯದನ್ನು ಗುಡ್ಡೆಗೆ ಹಾಕುವ ಮುಂಚೆ ಗದಿಗೆಪ್ಪ ಒದ್ದೆ ಬಟ್ಟೆಯಿಂದ ವಿಭೂತಿಯನ್ನು ಒರೆಸಿದ. ಪೂಜೆ ಕಂಡದ್ದನ್ನು ಹಾಗೇ ಒಗೆಯಬಾರದಂತೆ.

ಹೂಡಿಗೆ ಮರಳಿದಾಗ ಐದೂವರೆ. ಲೋಕೇಶ ಟ್ಯಾಂಕರಿನ ಮೇಲೆ ಹೋಗಿದ್ದ. ಸೊಣ್ಣಮ್ಮ ಡೈರಿಗೆ ಹಾಲು ಹಾಕಲು ಹೋಗಿದ್ದಳು. ಅಮರೇಶ್ ಬ್ಯಾಟರಿಯನ್ನು ಎದೆಗವಚಿಕೊಂಡು ಹೆಜ್ಜೆಗೊಮ್ಮೆ ಇಳಿಸುತ್ತ, ಸೊಂಟ ಹಿಡಿದುಕೊಂಡು, ಅಂತೂ ಮಂಚದ ಕೆಳಗೆ ಕೂಡಿಸಿ ವೈರು ಬಿಗಿದ. ಸ್ವಿಚ್ಚು ಒತ್ತಿದ. ದೀಪ ಹತ್ತಿತು, ಫ್ಯಾನು ತಿರುಗಿತು.

ಬೆಳಕಿನಲ್ಲಿ ವ್ಯಾನಿನ ಒಳಗನ್ನು ಸರಿಯಾಗಿ ನೋಡಿದ. ನೆಲ ಗುಡಿಸಿತ್ತು. ಕಿಟಕಿಗೆ ಹಳೆಯ ಸೀರೆಯ ಪರದೆ. ಅಡುಗೆ ಕಟ್ಟೆಯ ಮೇಲೆ ಬ್ಯಾಟರಿಗೆ ಹಾಕುವ ನೀರಿನ ಕ್ಯಾನು, ವಿಭೂತಿಯ ಗಟ್ಟಿ. ದಿಂಬು ಒಂದೇ ಇತ್ತು. ಲೋಟ ಎರಡಿದ್ದವು.

ಲೋಟಗಳನ್ನು ಮೂಸಿ ನೋಡುತ್ತಿದ್ದಾಗ ಹೇಮಲತಾ ಬಾಗಿಲಲ್ಲಿ ನಿಂತಿದ್ದಳು.

ಅವಳು ಲೋಟದ ಬಗ್ಗೆ ಏನೂ ಕೇಳಲಿಲ್ಲ. ಕೈಯಲ್ಲಿ ಏನೂ ತಂದಿರಲಿಲ್ಲ, ಫೋನೂ ಇರಲಿಲ್ಲ. ಒಳಗೆ ಬರದೆ, ಎತ್ತಿದ ಹಲಗೆಯ ಕೆಳಗೆ ಬಗ್ಗಿ ನೋಡಿದಳು.

"ಇದರ ಮುಚ್ಚಳ ಎಲ್ಲದಾವು?"

"ಇದಕ್ಕ ಇರಂಗಿಲ್ಲ. ನೀರು ಹಾಕೋದ ಬ್ಯಾಡ."

"ಹಾಕೋದು ಬ್ಯಾಡಂತ ನಾ ಕೇಳಿದ್ನೇನು?"

ಅಮರೇಶ್ ಲೋಟ ಕೆಳಗಿಟ್ಟ. ಮಾತು ಬೆಳಿಗ್ಗೆಯಿಂದ ತಯಾರಾಗಿತ್ತು. ಅದನ್ನು ಹೇಗೋ ಹೊರಗೆ ಹಾಕಿದ.

"ಇಲ್ಲಿ ಯಾರ ಜೋಡಿ ಕೂತಿರ್ತಿ?"

ಹೇಮಲತಾ ಸಿಟ್ಟಾಗಲಿಲ್ಲ. ಲೆಕ್ಕ ತಪ್ಪಬಾರದೆಂಬಂತೆ ಯೋಚಿಸಿದಳು.

"ಯಾರೂ ಇರಂಗಿಲ್ಲ," ಅಂದಳು. "ಅದಕ್ಕ ಬರ್ತೀನಿ."

ಲೋಕೇಶನ ಹೆಸರಿಗೆ ಅವನು ಸಿದ್ಧನಾಗಿದ್ದ. ಆ ಹೆಸರು ಬಂದಿದ್ದರೆ ಕೂಗಬಹುದಿತ್ತು, ಹೊಡೆಯಲು ಹೋಗಬಹುದಿತ್ತು, ಅಳಬಹುದಿತ್ತು. ಅವಳು ಸುಳ್ಳು ಹೇಳುತ್ತಿದ್ದಾಳೆ ಎಂದು ಆಸೆಯಿಂದ ಅವಳ ಮುಖ ನೋಡಿದ. ಮುಖದಲ್ಲಿ ಬರೀ ಆಯಾಸವಿತ್ತು. ತನ್ನ ಜಾಗದಲ್ಲಿ ಬೇರೆ ಯಾರೋ ಕೂತಿದ್ದನ್ನು ಕಂಡು, ಎದ್ದೇಳುವವರೆಗೆ ಕಾಯಬೇಕಾದವರ ಆಯಾಸ.

"ನೀವು ಕೂತಿರ್ರಿ" ಎಂದು ಹೇಳಿ ಅವಳು ಹೋದಳು. ಹೋಗುವಾಗ ಅಭ್ಯಾಸಬಲದಿಂದ ಬಾಗಿಲನ್ನು ಸರಿಸಿ ಮುಚ್ಚಿದಳು.

ಅವನು ಕೂತ. ಏಳಬೇಕು ಅನ್ನಿಸಿತು. ಎದ್ದರೆ ಅವಳು ತಿರುಗಿ ಬಂದು ಇಲ್ಲಿ ಕೂರುತ್ತಾಳೆ, ಅವನಿಲ್ಲದ ಈ ಮಂಚದ ಮೇಲೆ, ನೆಮ್ಮದಿಯಿಂದ. ಅದನ್ನು ನೆನೆದರೆ ಲೋಕೇಶನನ್ನು ನೆನೆದದ್ದಕ್ಕಿಂತ ಹೆಚ್ಚು ಉರಿಯಿತು. ಅವನು ಉಳಿದ ಸ್ವಿಚ್ಚುಗಳನ್ನೂ ಒತ್ತಿದ. ಎರಡನೆಯ ದೀಪ ಹತ್ತಿತು, ಗಾಳಿ ಹೊರದೂಡುವ ಸಣ್ಣ ಫ್ಯಾನೂ ತಿರುಗಿತು. ಉರಿದುಹೋಗಲಿ, ಈಗಲೇ ಖಾಲಿಯಾಗಲಿ. ಬಗ್ಗಿ ಬ್ಯಾಟರಿಯ ಚುಕ್ಕೆಯನ್ನು ನೋಡಿದ. ಹಸಿರು.

ಹೊರಗೆ ಹಾಲಿನ ಕ್ಯಾನು ನೆಲಕ್ಕಿಟ್ಟ ಸದ್ದಾಯಿತು. ಕೋಲೂರಿಕೊಂಡು ಯಾರೋ ಹತ್ತಿರ ಬಂದರು. ವ್ಯಾನಿನ ತಗಡಿನ ಮೇಲೆ ಕೋಲು ಎರಡು ಸಲ ಬಡಿಯಿತು. ಆಮೇಲೆ ನಿಶ್ಶಬ್ದ. ಉತ್ತರಕ್ಕೆ ಕಾಯುವ ನಿಶ್ಶಬ್ದ ಅದು, ದಿನವೂ ಉತ್ತರ ಪಡೆದು ರೂಢಿಯಾದದ್ದು.

ಮಾತಾಡಿದರೆ ದನಿ ಗೊತ್ತಾಗುತ್ತದೆ. ಅಮರೇಶ್ ಬೆರಳು ಮಡಿಸಿ, ಒಳಗಿನಿಂದ ತಗಡನ್ನು ಎರಡು ಸಲ ಬಡಿದ.

"ಬಂದ್ಯೇನವ್ವಾ," ಅಂದಳು ಸೊಣ್ಣಮ್ಮ. ಅವನೊಂದಿಗೆ ಯಾವ ಹೆಂಗಸೂ ಈಚೆಗೆ ಇಷ್ಟು ಅಕ್ಕರೆಯಿಂದ ಮಾತಾಡಿರಲಿಲ್ಲ. "ಕುಂತ್ಕೋ, ಯೋಚ್ನೆ ಮಾಡ್ಬೇಡ. ಆವಯ್ಯ ಬಂದ್ರೆ ಕೂಗ್ತೀನಿ."

ಮುದುಕಿ ಗೇಟಿನ ಕಡೆಗೆ ಹೋಗಿ, ಚಪ್ಪಡಿ ಕಲ್ಲಿನ ಮೇಲೆ ರಸ್ತೆಗೆ ಮುಖ ಮಾಡಿ ಕೂತದ್ದು ಪರದೆಯ ಸಂದಿಯಲ್ಲಿ ಕಂಡಿತು. ಹೊರಗೆ ಹೋಗಲು ಇದ್ದದ್ದು ಆ ಗೇಟೊಂದೇ. ಅಮರೇಶ್ ಸದ್ದಾಗದಂತೆ ಕಾಲುಗಳನ್ನು ಮಂಚದ ಮೇಲೆ ಎಳೆದುಕೊಂಡ. ಎರಡು ಫ್ಯಾನುಗಳೂ ತಿರುಗುತ್ತಿದ್ದವು. ಬಗ್ಗಿ ನೋಡಿದ, ಚುಕ್ಕೆ ಹಸಿರಾಗಿಯೇ ಇತ್ತು.