ಕಿವಿಗೆ ಹಚ್ಚುವ ಸ್ಕ್ರೂಡ್ರೈವರ್

ನಾನು ಒಂದು ಸ್ಕ್ರೂಡ್ರೈವರ್. ಮೊಳದುದ್ದ ಇದ್ದೇನೆ. ಗದಗಿನ ಕಮ್ಮಾರನೊಬ್ಬ ಲಾರಿಯ ಹಳೆಯ ಉಕ್ಕಿನ ಸರಳು ಕಾಯಿಸಿ, ಬಡಿದು, ತುದಿ ಚಪ್ಪಟೆ ಮಾಡಿ ನನ್ನನ್ನು ಮಾಡಿದ. ಮರದ ಹಿಡಿ ತೊಡಿಸಿದ. ಉಕ್ಕು ಹಿಡಿಯೊಳಗೆ ಪೂರ್ತಿ ತೂರಿ, ಹಿಂದುಗಡೆ ಬಟಾಣಿಯಷ್ಟು ಇಣುಕುವಂತೆ ಬಿಟ್ಟ. ಹೇಳಿ ಮಾಡಿಸಿದ್ದೇ ಹಾಗೆ. ನಾನು ಸ್ಕ್ರೂ ತಿರುಗಿಸಿದ್ದು ಕಡಿಮೆ, ಸದ್ದು ಕೇಳಿಸಿದ್ದು ಹೆಚ್ಚು.

ಮಾಡಿಸಿದವರು ಮರ್ದಾನಸಾಬ ಉಸ್ತಾದರು. ಓಡುವ ಎಂಜಿನ್ನಿಗೆ ನನ್ನ ತುದಿ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚುತ್ತಿದ್ದರು. ಒಳಗಿನ ಸದ್ದು ನನ್ನ ಮೈಯಲ್ಲಿ ಹಾದು ಅವರ ಕಿವಿ ಸೇರುತ್ತಿತ್ತು. ಕೈ ನಡುಗತೊಡಗಿದಾಗ ನನ್ನನ್ನು ಶಿಷ್ಯ ದಾವಲಸಾಬನಿಗೆ ಕೊಟ್ಟರು.

"ಗಿರಾಕಿ ಸುಳ್ಳು ಹೇಳಬಹುದು, ಎಂಜಿನ್ ಹೇಳಂಗಿಲ್ಲ ನೋಡಪಾ" ಎಂದರು.

ದಾವಲಸಾಬ ವೀರೇಶಪ್ಪನವರ ಸ್ಕೂಟರ್ ವರ್ಕ್‌ಶಾಪಿನಲ್ಲಿ ಹಿರಿಯ ಮೇಸ್ತ್ರಿಯಾದ. ಎಕ್ಸಿಲೇಟರ್ ಒಮ್ಮೆ ಜೋರಾಗಿ ತಿರುವುತ್ತಿದ್ದ, ನನ್ನನ್ನು ಹಚ್ಚಿ ಕೇಳುತ್ತಿದ್ದ. "ವಾಲ್ವ್ ಸಡಿಲ ಆಗೈತಿ" ಎಂದರೆ ಮುಗಿಯಿತು, ಬಿಚ್ಚಿ ನೋಡಿದರೆ ಅದೇ. ಊರವರು ಅವನಿಗೆ ಕಿವಿಸಾಬ ಎಂದೇ ಹೆಸರಿಟ್ಟರು.

ಒಂದು ಬೇಸಿಗೆಯಲ್ಲಿ ವೀರೇಶಪ್ಪನವರು ಬ್ಯಾಟರಿ ಸ್ಕೂಟರಿನ ಏಜೆನ್ಸಿ ಹಿಡಿದರು. ಕೆಲಸ ಕಲಿಸಲು ತ್ರಿವೇಣಿ ಎಂಬ ಹುಡುಗಿ ಬಂದಳು.

"ದೀಪಾವಳಿಗೆ ಇಲ್ಲಿ ಪೆಟ್ರೋಲ್ ಗಾಡಿ ರಿಪೇರಿ ಬಂದ್. ಅಷ್ಟರಾಗ ಈಕಿ ಪರೀಕ್ಷೆ ಪಾಸಾದವರಿಗಷ್ಟ ಇಲ್ಲಿ ಕೆಲಸ. ನಿಮಗೂ ಸೈತ, ದಾವಲಸಾಬ" ಎಂದರು ವೀರೇಶಪ್ಪ.

ದಾವಲಸಾಬ ಪಾಠಕ್ಕೆ ಹೋಗಲಿಲ್ಲ. "ಗಾಡಿ ಅಂದ್ರ ಗಾಡಿನ. ಕೇಳಾಕ ಬರಬೇಕಷ್ಟ" ಎಂದ.

ಏರಿನಲ್ಲಿ ಎಳೆಯುತ್ತಿಲ್ಲ ಎಂದು ಒಬ್ಬರು ಬ್ಯಾಟರಿ ಸ್ಕೂಟರ್ ತಂದು ಬಿಟ್ಟರು. ದಾವಲಸಾಬ ಚಾವಿ ತಿರುಗಿಸಿದ. ಸದ್ದಿಲ್ಲ. ಶುರುವಾಗಿಲ್ಲ ಎಂದುಕೊಂಡು, ಪಕ್ಕದಲ್ಲಿ ನಿಂತೇ, ಅಭ್ಯಾಸದಂತೆ ಎಕ್ಸಿಲೇಟರ್ ಪೂರ್ತಿ ತಿರುವಿದ. ಶುರುವಾಗಿಯೇ ಇದ್ದ ಗಾಡಿ ಜಿಗಿದು, ಅವನನ್ನೂ ಎಳೆದುಕೊಂಡು ಟೈರುಗಳ ರಾಶಿಗೆ ನುಗ್ಗಿತು.

"ಎಳಿಯಂಗಿಲ್ಲ ಅಂತ ಯಾರು ಹೇಳಿದ್ರು ಚಾಚಾ? ನಿನ್ನನ್ನ ಎಳಕೊಂಡು ಹೋತಲ್ಲ!" ಎಂದು ವೆಲ್ಡಿಂಗ್ ಈರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

ಮೊಣಕೈ ತರಚಿದ್ದನ್ನೂ ನೋಡಿಕೊಳ್ಳದೆ ದಾವಲಸಾಬ ಸೀಟು ಎತ್ತಿದ, ಬ್ಯಾಟರಿಯ ಮುಚ್ಚಳ ಬಿಚ್ಚಿದ, ಸದ್ದು ಕೇಳಲೆಂದು ನನ್ನ ತುದಿಯನ್ನು ಒಳಗೆ ತಂದ. ತ್ರಿವೇಣಿ ಓಡಿ ಬಂದು ಅವನ ಮಣಿಕಟ್ಟು ಹಿಡಿದಳು.

"ಬ್ಯಾಡ ಚಾಚಾ! ತುದಿಯಿಂದ ಹಿಡಿ ಹಿಂದಿನತನಕ ಉಕ್ಕದು. ಬ್ಯಾಟರಿ ಎರಡೂ ತುದಿಗೆ ತಾಗಿದ್ರ ಕಿಡಿ ಹಾರಿ ಕೈ ಸುಡತೈತಿ."

ಯಾವ ಉಕ್ಕಿನಿಂದ ನನಗೆ ಬೆಲೆಯಿತ್ತೋ ಅದೇ ಈಗ ಅಪಾಯವಾಗಿತ್ತು. ನನಗೆ ಏನೂ ಅನಿಸಲಿಲ್ಲ. ದಾವಲಸಾಬನಿಗೂ ಅನಿಸಿದಂತೆ ಕಾಣಲಿಲ್ಲ. ಆದರೆ ಅವನ ಮುಂದಿಟ್ಟ ಚಹಾ ಕುಡಿಯದೆ ಆರಿ ಕೆನೆ ಕಟ್ಟಿತು.

"ಹಂಗಾರ ನನ್ನ ಕಿವಿಗೆ ಕೆಲಸಿಲ್ಲೇನು ಬೇಟಿ?" ಎಂದು ಕೇಳಿದ.

ಅವಳು ಸುಳ್ಳು ಹೇಳಲಿಲ್ಲ. "ಇದರಾಗ ಇಲ್ಲ ಚಾಚಾ. ಮೊದಲು ಚಾವಿ ತೆಗಿಯೂದು ಕಲೀರಿ. ಆಮ್ಯಾಲ ಮುಟ್ಟೂದು."

ಅಂದು ಸಂಜೆ ಅವನು ನನ್ನನ್ನು ಸ್ಟೋರ್ ಕೋಣೆಯ ಬಾಗಿಲ ಕೊಂಡಿಗೆ ಸಿಕ್ಕಿಸಿದ. ಅಗುಳಿ ಕಳೆದುಹೋಗಿತ್ತು. ಅಂದಿನಿಂದ ನನ್ನ ಜಾಗ ಅದೇ.

ಅಲ್ಲಿಂದ ಎಲ್ಲ ಕಾಣುತ್ತಿತ್ತು. ರಬ್ಬರ್ ಗ್ಲೌಸು ತೊಟ್ಟ ಅವನ ಬೆರಳುಗಳು ಬೇರೆ ಯಾರದೋ ಎಂಬಂತಿದ್ದವು. ಮೀಟರಿನ ಅಂಕಿ ತಪ್ಪಾಗಿ ಓದುತ್ತಿದ್ದ, ಮತ್ತೆ ಓದುತ್ತಿದ್ದ. ಮೊದಲ ಪರೀಕ್ಷೆಯಲ್ಲಿ ಕೈ ತನ್ನಷ್ಟಕ್ಕೆ ತಾನೇ ಹೋಗಿ ಎಕ್ಸಿಲೇಟರ್ ತಿರುವಿಬಿಟ್ಟಿತು. ಫೇಲಾದ. ಹೊಸದು ತಲೆಗೆ ಹತ್ತುವುದು ಅಷ್ಟು ಕಷ್ಟವಿರಲಿಲ್ಲ. ಹಳೆಯದು ಕೈಯಿಂದ ಇಳಿಯುತ್ತಿರಲಿಲ್ಲ.

ಹಬ್ಬ ಹತ್ತಿರ ಬಂದಾಗ ಕಡೆಯ ಪರೀಕ್ಷೆ. ತ್ರಿವೇಣಿ ಕೆಟ್ಟ ಗಾಡಿಯೊಂದನ್ನು ಮುಂದೆ ನಿಲ್ಲಿಸಿದಳು. ದಾವಲಸಾಬನ ಬಲಗೈ ಎಕ್ಸಿಲೇಟರಿನತ್ತ ಹೋಯಿತು. ಈರಪ್ಪ ಟೈರುಗಳ ರಾಶಿಯಿಂದ ದೂರ ಸರಿದ. ಕೈ ಅರ್ಧದಲ್ಲೇ ನಿಂತಿತು. ಹಾಲು ಉಕ್ಕುವ ಮುನ್ನ ಪಾತ್ರೆ ಇಳಿಸಿದ ಹಾಗೆ ಅವನು ಅದನ್ನು ಹಿಂದೆ ತಂದ, ಚಾವಿ ತೆಗೆದ, ಗ್ಲೌಸು ತೊಟ್ಟ. ಬ್ಯಾಟರಿಯೊಳಗಿನ ಒಂದೊಂದು ಸೆಲ್ಲಿಗೂ ಮೀಟರ್ ಹಿಡಿದ.

"ಇದೊಂದು ಸತ್ತೈತಿ" ಎಂದ.

"ಪಾಸ್, ಚಾಚಾ."

ಅವನು ಗ್ಲೌಸು ಕಳಚಿದ. ನಲ್ಲಿಯ ಹತ್ತಿರ ಹೋಗಿ ಕೈ ತೊಳೆದುಕೊಂಡ. ಮರುದಿನ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬಂದ.

ಮುಂದಿನ ವರ್ಷ ಬೇರೆ ಬಗೆಯ ಬ್ಯಾಟರಿ ಬಂತು. ತ್ರಿವೇಣಿ ಅದರ ಮುಂದೆ ಮುಖ ಸಣ್ಣದು ಮಾಡಿಕೊಂಡು ಕೂತಳು.

"ಚಾಚಾ, ನಾ ನಿಮಗ ಕಲಿಸಿದ್ದು ಅರ್ಧ ಇದಕ್ಕ ನಡಿಯಂಗಿಲ್ಲ."

ದಾವಲಸಾಬ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತ. "ನನಗ ಬಿಡಾಕ ಮೂವತ್ತು ವರ್ಷದ್ದಿತ್ತು. ನಿನಗ ಎರಡ ವರ್ಷದ್ದು. ಹಗುರ ಐತಿ, ತೆಗಿ."

ಇಬ್ಬರೂ ಬಾಗಿ ಪೆಟ್ಟಿಗೆ ತೆರೆದರು. ನನ್ನ ತುದಿಗೆ ತುಕ್ಕು ಹತ್ತಿದೆ. ನನ್ನನ್ನು ಬೇರೆ ಆಕಾರಕ್ಕೆ ತರಬೇಕೆಂದರೆ ಇನ್ನೊಬ್ಬರು ಬೆಂಕಿಗೆ ಹಾಕಿ ಬಡಿಯಬೇಕು. ಅವರು ಮಾತ್ರ ಯಾರೂ ಬಡಿಯದೆಯೇ ಬಾಗುತ್ತಾರೆ. ನಾನು ಬಾಗಿಲು ಹಿಡಿದುಕೊಂಡು ನೋಡುತ್ತಿದ್ದೇನೆ.