ಏರಿನಲ್ಲಿ ಎಳೆಯದ ಗಾಡಿ

ಸೌಜನ್ಯಳನ್ನು ತವರಿನಿಂದ ಕರೆತರಲು ಗೌರೀಶ ಹೊಳೆನರಸೀಪುರಕ್ಕೆ ಹೋದಾಗ ಕಾರಿನ ಹಿಂದಿನ ಸೀಟಿನಲ್ಲಿ ಒಂದು ಉದ್ದನೆಯ ರಟ್ಟಿನ ಪೆಟ್ಟಿಗೆ ಇತ್ತು. ಅವಳ ಬಟ್ಟೆಯ ಬ್ಯಾಗನ್ನು ಅದರ ಪಕ್ಕ ತೂರಿಸಿ ಬಾಗಿಲು ಹಾಕಿದ. ಅವಳ ತಾಯಿ ಗಂಗಾಂಬಿಕೆ ಮಗಳ ಹಣೆಗೆ ಕುಂಕುಮವಿಟ್ಟು, "ಮಳೆ ಶುರುವಾಯ್ತು, ತಲೆಗೆ ಬಟ್ಟೆ ಕಟ್ಕೊ. ತಣ್ಣೀರು ಮುಟ್ಬೇಡ" ಎಂದರು. ಬಾಣಂತಿಗೆ ಹೇಳುವ ಮಾತುಗಳೇ. ಮಗು ಮಾತ್ರ ಇರಲಿಲ್ಲ.

ಊರು ಬಿಟ್ಟ ಮೇಲೆ ಕಾರು ಗಂಡನ ಮನೆಯಿದ್ದ ಅರಕಲಗೂಡಿನ ಕಡೆ ತಿರುಗದೆ ಹಾಸನದ ರಸ್ತೆ ಹಿಡಿಯಿತು. ಅವಳು ಯಾಕೆಂದು ಕೇಳಲಿಲ್ಲ. ಮೊಸಳೆಹೊಸಳ್ಳಿ ದಾಟಿದ ಮೇಲೆ ಅವನೇ ಹೇಳಿದ.

"ಹಾಸನದಲ್ಲಿ ಕಾಂತರಾಜು ಗ್ಯಾರೇಜಲ್ಲಿ ಸ್ವಲ್ಪ ಕೆಲಸ ಇದೆ. ಇಂಟರ್‌ಕೂಲರ್ ಹಾಕಿಸ್ಬೇಕು. ಮಧ್ಯಾಹ್ನದೊಳಗೆ ಆಗುತ್ತೆ."

"ಹೂಂ" ಎಂದಳು.

ಪೆಟ್ಟಿಗೆಯ ವಿಷಯ ಅವಳಿಗೆ ಮೊದಲೇ ಗೊತ್ತಿತ್ತು. ಹೋದ ವಾರ ಅತ್ತೆ ದಾಕ್ಷಾಯಣಮ್ಮ ಫೋನಿನಲ್ಲಿ ಹೇಳಿಕೊಂಡಿದ್ದರು. "ಮನೇಲಿ ಇಂಥದ್ದಾಗಿದೆ, ಇವ್ನಿಗೆ ಕಾರಿನ ಶೋಕಿ. ಅದೇನೋ ಇಷ್ಟುದ್ದದ ಸಾಮಾನು ತರಿಸ್ಕೊಂಡಿದ್ದಾನೆ. ಅಂಗಡೀಲಿ ಕೂತ್ಕೊಂಡು ಇಡೀ ದಿನ ಮೊಬೈಲಲ್ಲಿ ಇಂಜಿನ್ನಿನ ವೀಡಿಯೋ ನೋಡ್ತಾನೆ. ಅವ್ರಪ್ಪ ಮಾತಾಡ್ಸಿದ್ರೂ ತಲೆ ಎತ್ತಲ್ಲ ಕಣಮ್ಮ." ಆಗಲೂ ಸೌಜನ್ಯಳಿಗೆ ಕೋಪ ಬರಲಿಲ್ಲ. ಶೋಕಿ ಮಾಡಿಕೊಳ್ಳಲಿ ಅನಿಸಿತು. ಏನಾದರೂ ಮಾಡಬೇಕೆಂದು ಅನಿಸುವುದೇ ಒಂದು ಪುಣ್ಯ ಅನಿಸಿತು. ಅವಳಿಗೆ ಹಾಗೆ ಅನಿಸುವುದು ನಿಂತು ಎರಡು ತಿಂಗಳ ಮೇಲಾಗಿತ್ತು. ಎದೆಯಲ್ಲಿ ಹಾಲು ಬಂದಾಗ ತಾಯಿ ಬಿಗಿಯಾಗಿ ಬಟ್ಟೆ ಕಟ್ಟಿದ್ದರು. ನೋವಾಗುತ್ತಿದೆಯಾ ಎಂದು ಕೇಳಿದರೆ ಹೌದೋ ಅಲ್ಲವೋ ಎಂದು ಯೋಚಿಸಿ ಹೇಳಬೇಕಾಗುತ್ತಿತ್ತು.

ಕಾರು ಕೊಂಡು ವರ್ಷವಾಗಿತ್ತು. ಆಟೋಮ್ಯಾಟಿಕ್ಕೇ ಬೇಕೆಂದು ಗೌರೀಶ ಹಟ ಹಿಡಿದಿದ್ದು ಅವಳಿಗಾಗಿ. ಕ್ಲಚ್ ಕಂಡರೆ ಹೆದರುತ್ತಿದ್ದವಳು ಇದರಲ್ಲಿ ಹದಿನೈದು ದಿನಕ್ಕೆ ಓಡಿಸುವುದನ್ನು ಕಲಿತು, ತಾನು ವಿಜ್ಞಾನ ಪಾಠ ಮಾಡುವ ಹೈಸ್ಕೂಲಿಗೆ ತಾನೇ ಹೋಗಿ ಬರುತ್ತಿದ್ದಳು. ಟರ್ಬೊ ಇಂಜಿನ್ ಬೇಕೆಂದದ್ದು ಮಾತ್ರ ಅವನ ಆಸೆ.

ಕಾಂತರಾಜು ಗೌರೀಶನ ಡಿಪ್ಲೊಮಾ ಗೆಳೆಯ. ಹಾಸನದ ರಿಂಗ್ ರೋಡಿನ ಪಕ್ಕ ಶೀಟಿನ ಶೆಡ್ಡು ಹಾಕಿಕೊಂಡು ಗ್ಯಾರೇಜು ನಡೆಸುತ್ತಿದ್ದ. ಕಾರಿನಿಂದ ಸೌಜನ್ಯ ಇಳಿದದ್ದನ್ನು ನೋಡಿ ಒಂದು ಗಳಿಗೆ ಗಲಿಬಿಲಿಗೊಂಡ.

"ಬನ್ನಿ ಅತ್ಗೆ. ಒಳಗೆ ಫ್ಯಾನ್ ಐತೆ, ಕೂತ್ಕೊಳಿ" ಎಂದು ಆಫೀಸಿನ ಕುರ್ಚಿಯ ಮೇಲಿದ್ದ ಪೇಪರುಗಳನ್ನು ಎತ್ತಿದ.

"ಇಲ್ಲೇ ಕೂರ್ತೀನಿ" ಎಂದು ಅವಳು ಶೆಡ್ಡಿನ ಬಾಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲೇ ಕುಳಿತಳು.

ಅವರಿಬ್ಬರೂ ಕೆಲಸಕ್ಕೆ ಇಳಿದರು. ಬಾನೆಟ್ ಎತ್ತಿದರು, ಸ್ಕ್ರೂಗಳನ್ನು ಬಿಚ್ಚಿದರು, ಮುಂದಿನ ಬಂಪರನ್ನು ಆ ತುದಿ ಈ ತುದಿ ಹಿಡಿದು ಮೆಲ್ಲಗೆ ಎಳೆದು ನೆಲದ ಮೇಲೆ ಇಟ್ಟರು. ಬಂಪರ್ ಇಲ್ಲದ ಕಾರು ಹಲ್ಲು ಕಿತ್ತ ಬಾಯಿಯ ಹಾಗೆ ಕಾಣುತ್ತಿತ್ತು. ಹಳೆಯ ಕೂಲರನ್ನು ಹೊರಗೆ ತೆಗೆದಾಗ ಅದರ ಸಂದುಗಳಲ್ಲಿ ಒಣಗಿದ ಹುಳುಗಳು, ಹುಲ್ಲಿನ ಬೀಜಗಳು ಸಿಕ್ಕಿಕೊಂಡಿದ್ದವು. ಪೆಟ್ಟಿಗೆಯಿಂದ ಹೊಸದನ್ನು ತೆಗೆದರು. ಹಳೆಯದರ ಒಂದೂವರೆಯಷ್ಟಿತ್ತು, ಬೆಳ್ಳಗೆ ಹೊಳೆಯುತ್ತಿತ್ತು.

ಗೌರೀಶ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದ. ಕಾಂತರಾಜು ಮೊಣಕಾಲೂರಿ ಅಳತೆ ನೋಡಿದ.

"ಲೇ, ಇನ್ನೂ ಸ್ವಲ್ಪ ಮೇಲಕ್ಕೆ ಎತ್ತು. ಗೇರ್‌ಬಾಕ್ಸ್ ಆಯಿಲ್ ತಣ್ಣಗೆ ಮಾಡೋ ಪೈಪು ಇಲ್ಲೇ ಓಯ್ತದೆ. ಅದುಕ್ಕೆ ಉಜ್ಜುಬಾರ್ದು ಕಣ್ಲಾ. ಆಟೋಮ್ಯಾಟಿಕ್ ಗಾಡಿ, ಆಯಿಲ್ ಸೋರುದ್ರೆ ಗೇರ್‌ಬಾಕ್ಸೇ ಓಯ್ತು."

"ಉಜ್ಜುತ್ತಾ?"

"ಒಂದು ಪಟ್ಟಿ ಬಗ್ಗಿಸಿ ಆಕ್ತೀನಿ ಬುಡು. ಆದ್ರೆ ಪೈಪು ಬಿಗಿಯಕ್ಕೆ ಪೆಟ್ಟಿಗೇಲಿ ಕೊಟ್ಟಿರೋ ಕ್ಲಾಂಪು ಸಣ್ಣದಾಯ್ತದೆ. ಪೈಪು ಗಟ್ಟಿಯಾಗಿ ಕೂರ್ದೆ ಓದ್ರೆ ಒತ್ತಡಕ್ಕೆ ಕಿತ್ಕೊಂಡ್ಬುಡ್ತದೆ."

ಕ್ಲಾಂಪು ತರಲು ಗೌರೀಶ ಕಾಂತರಾಜುವಿನ ಸ್ಕೂಟರ್ ಹತ್ತಿ ಸ್ಪೇರ್ಸ್ ಅಂಗಡಿಗೆ ಹೋದ. ಕಾಂತರಾಜು ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು ಅವಳಿಗೆ ಟೀ ತರಿಸಿ ಕೊಟ್ಟ. ಏನಾದರೂ ಮಾತಾಡಬೇಕಲ್ಲ ಎಂದು ಸೌಜನ್ಯ ಕೇಳಿದಳು:

"ಇದು ಹಾಕಿದ್ರೆ ಏನಾಗುತ್ತೆ?"

"ಟರ್ಬೊ ಗಾಳಿನ ಒತ್ತಿ ಇಂಜಿನ್ನಿಗೆ ತುಂಬ್ತದೆ ಅತ್ಗೆ. ಒತ್ತುದ್ರೆ ಗಾಳಿ ಕಾಯ್ತದೆ."

"ಕಾದ ಗಾಳಿ ತೆಳುವಾಗುತ್ತೆ."

"ಅದೇ. ತೆಳು ಗಾಳಿ ಓದ್ರೆ ಇಂಜಿನ್ನಿಗೆ ಕಸುವು ಕಮ್ಮಿ. ಇದು ಆ ಗಾಳಿನ ತಣ್ಣಗೆ ಮಾಡಿ ಕಳಿಸ್ತದೆ. ಕಂಪ್ನಿಯವ್ರು ಆಕಿರೋದೇ ಸಾಕು, ದಿನ ಓಡ್ಸೋರಿಗೆ ಇದ್ರಿಂದ ಅಂಥಾ ವ್ಯತ್ಯಾಸ ಏನೂ ಗೊತ್ತಾಗಕಿಲ್ಲ. ಬ್ಯಾಡ ಅಂತ ಅವ್ನಿಗೆ ಏಳ್ದೆ. ಕೇಳ್ಲಿಲ್ಲ. ಇನ್ನೆಲ್ಲೋ ಓಗಿ ಎಡವಟ್ಟು ಮಾಡಿಸ್ಕೊಳೋ ಬದ್ಲು ನಾನೇ ಆಕಿಕೊಡ್ತೀನಿ ಅಂದೆ."

"ಯಾಕಂತೆ ಅಷ್ಟು ಹಟ?"

ಕಾಂತರಾಜು ಅವಳ ಮುಖ ನೋಡಿದ. "ನಿಮ್ಗೆ ಏಳಿಲ್ವಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಅವತ್ತು ನಿಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಬರೋವಾಗ, ಗೊರೂರು ಸೇತುವೆ ದಾಟಿದ ಮೇಲೆ ಏರಲ್ಲಿ ಗಾಡಿ ಎಳೀಲಿಲ್ವಂತೆ. ಬಿಸ್ಲು, ಎಸಿ ಬೇರೆ ಆಕಿದ್ದ. ಮುಂದೆ ಹುಲ್ಲು ತುಂಬಿದ ಟ್ರ್ಯಾಕ್ಟರ್ರಂತೆ. ಆಕ್ಸಿಲೇಟರ್ ಪೂರ್ತಿ ಒತ್ತುದ್ರೂ ದಾಟಕ್ಕಾಗ್ಲಿಲ್ಲ, ಅದ್ರ ಇಂದೇ ತೆವುಳ್ಕೊಂಡು ಬಂದೆ, ಅಲ್ಲಿ ತಡ ಆಗ್ದೆ ಇದ್ದಿದ್ರೆ ಮಗಾ ಉಳೀತಿತ್ತು ಅಂತಾನೆ. ಇಲ್ಲೇ, ಈ ಜಾಗದಲ್ಲೇ ಕೂತ್ಕೊಂಡು ಅತ್ತ ಅತ್ಗೆ." ಕಾಂತರಾಜು ಬಟ್ಟೆಯಿಂದ ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ. "ನಾನು ಏಳ್ದೆ ಅಂತ ಏಳ್ಬ್ಯಾಡಿ."

ಸೌಜನ್ಯಳಿಗೆ ಆ ಟ್ರ್ಯಾಕ್ಟರ್ ನೆನಪೇ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದು, ಸೀರೆ ಒದ್ದೆಯಾಗುತ್ತಿದ್ದುದು, ಕಿಟಕಿಯಲ್ಲಿ ಮರಗಳ ತುದಿಗಳು ಹೋಗುತ್ತಿದ್ದುದು ನೆನಪಿತ್ತು. ಆಮೇಲೆ ಸ್ಕ್ಯಾನಿಂಗ್ ಕೋಣೆ. ಡಾಕ್ಟರಮ್ಮ ಹೊಟ್ಟೆಯ ಮೇಲೆ ಆಡಿಸುತ್ತಿದ್ದ ಕೈಯನ್ನು ನಿಲ್ಲಿಸಿ, "ಇದು ಈಗ ಆಗಿದ್ದಲ್ಲಮ್ಮ. ನಿನ್ನೆಯೇ ಗುಂಡಿಗೆ ನಿಂತಿದೆ" ಎಂದರು. ಹೆರಿಗೆಯಾದ ಮೇಲೆ ಅವರೇ ಬಂದು, ಹೊಕ್ಕುಳ ಬಳ್ಳಿ ಗಂಟು ಬಿದ್ದಿತ್ತು, ಯಾರಿಗೂ ಗೊತ್ತಾಗುವಂಥದ್ದಲ್ಲ, ನೀವು ಹಿಂದಿನ ದಿನವೇ ಬಂದಿದ್ದರೂ ಕಷ್ಟವಿತ್ತು ಎಂದು ಬಿಡಿಸಿ ಹೇಳಿದ್ದರು. ಆಗ ಗೌರೀಶ ಪಕ್ಕದಲ್ಲಿರಲಿಲ್ಲ. ಅವನಿಗೂ ಹೇಳಿರುತ್ತಾರೆ ಎಂದು ಅವಳು ತಿಳಿದಿದ್ದಳು. ಅಲ್ಲಿಂದ ಅವಳು ನೇರ ತವರಿಗೆ ಹೋದಳು. ಅವನು ಭಾನುವಾರ ಭಾನುವಾರ ಬಂದು ಜಗುಲಿಯಲ್ಲಿ ಕುಳಿತು ಕಾಫಿ ಕುಡಿದು ಹೋಗುತ್ತಿದ್ದ. ಆ ದಿನದ ಮಾತನ್ನು ಇಬ್ಬರೂ ಎತ್ತಿರಲಿಲ್ಲ.

ಗೌರೀಶ ಕ್ಲಾಂಪುಗಳ ಪೊಟ್ಟಣ ಹಿಡಿದು ಬಂದಾಗ ಅವಳು ಎದ್ದು ನಿಂತಳು. ಹೇಗೆ ಹೇಳಬೇಕೆಂದು ಯೋಚಿಸಲಿಲ್ಲ.

"ರೀ, ಮಗು ಹಿಂದಿನ ದಿನವೇ ಹೋಗಿತ್ತು."

ಅವನಿಗೆ ಅರ್ಥವಾಗಲಿಲ್ಲ. "ಏನು?"

"ನಾವು ಮನೆ ಬಿಡೋ ಮೊದಲೇ. ಬಳ್ಳಿ ಗಂಟು ಬಿದ್ದಿತ್ತು. ಡಾಕ್ಟರು ಹೇಳಿದ್ರು. ದಾರೀಲಿ ಆಗಿದ್ದಲ್ಲ."

ಅವನು ಕಾಂತರಾಜುವಿನ ಕಡೆ ನೋಡಿದ. ಕಾಂತರಾಜು ಕಾರಿನ ಕೆಳಗೆ ಬಗ್ಗಿದ.

"ಮತ್ತೆ ನನಗೆ ಯಾಕೆ ಹೇಳ್ಲಿಲ್ಲ?" ಗೌರೀಶನ ಧ್ವನಿ ಏರಿತು. "ಎರಡು ತಿಂಗಳಿಂದ ನಾನು... ನಿನಗೆ ಗೊತ್ತಿತ್ತು, ಒಂದು ಮಾತು ಹೇಳಕ್ಕಾಗ್ಲಿಲ್ವಾ?"

"ನಿಮಗೂ ಹೇಳಿದ್ದಾರೆ ಅಂದ್ಕೊಂಡಿದ್ದೆ."

"ನನಗೆ ಯಾರು ಹೇಳ್ತಾರೆ? ಮಗೂನ ಬಟ್ಟೇಲಿ ಸುತ್ತಿ ನನ್ನ ಕೈಗೆ ಕೊಟ್ರು. ಅಷ್ಟೇ."

ಅವನು ಪಕ್ಕದಲ್ಲಿದ್ದ ಹಳೆಯ ಟೈರಿನ ಮೇಲೆ ಕುಳಿತ. ಸಮಾಧಾನವಾಗುತ್ತದೆ ಎಂದು ಅವಳು ತಿಳಿದಿದ್ದಳು. ಆದರೆ ಅವನ ಮುಖ ಮೊದಲಿಗಿಂತ ಬರಿದಾಯಿತು. ಬೈದುಕೊಳ್ಳಲು ಅವನಿಗೆ ಒಂದು ಏರು, ಒಂದು ಟ್ರ್ಯಾಕ್ಟರ್, ಒಂದು ಇಂಜಿನ್ ಇತ್ತು. ಈಗ ಅದೂ ಇರಲಿಲ್ಲ. ಪೊಟ್ಟಣದಲ್ಲಿದ್ದ ಕ್ಲಾಂಪುಗಳನ್ನು ಒಂದೊಂದಾಗಿ ತೆಗೆದು ನೋಡಿ ಮತ್ತೆ ಒಳಗೆ ಹಾಕಿದ.

ಕಾಂತರಾಜು ಕಾರಿನ ಕೆಳಗಿಂದ ಎದ್ದು ಬಂದ. "ಏನ್ಲಾ ಮಾಡನ? ಹಳೇದೇ ವಾಪಸ್ ಆಕ್ಬುಡ್ಲಾ?"

ಗೌರೀಶ ಪೊಟ್ಟಣವನ್ನು ಟೈರಿನ ಪಕ್ಕ ನೆಲದ ಮೇಲಿಟ್ಟ.

"ಹೊಸದೇ ಹಾಕಿ" ಎಂದಳು ಸೌಜನ್ಯ. ಯಾಕೆ ಹಾಗೆಂದಳೋ ಅವಳಿಗೂ ಗೊತ್ತಿರಲಿಲ್ಲ. ಅರ್ಧ ಬಿಚ್ಚಿದ ಕಾರಿನ ಮುಂದೆ ಯಾರಾದರೂ ಏನಾದರೂ ಹೇಳಲೇಬೇಕಿತ್ತು.

ಕಾಂತರಾಜು ಒಬ್ಬನೇ ಕೆಲಸ ಮುಗಿಸಿದ. ಒಂದು ಸಲ ಇಂಜಿನ್ ಚಾಲೂ ಮಾಡಿ ಪೈಪುಗಳ ಜೋಡಣೆಗೆ ಸೋಪಿನ ನೀರು ಹಚ್ಚಿ ಗಾಳಿ ಸೋರುತ್ತಿದೆಯೇ ಎಂದು ನೋಡಿದ. ಬಂಪರ್ ಕೂರಿಸುವಾಗ ಮಾತ್ರ ಇನ್ನೊಂದು ತುದಿ ಹಿಡಿಯಲು ಜನ ಬೇಕಿತ್ತು. ಗೌರೀಶ ಏಳದಿದ್ದುದನ್ನು ನೋಡಿ ಸೌಜನ್ಯಳೇ ಹಿಡಿದಳು. ಅದು ಅವಳು ತಿಳಿದಷ್ಟು ಭಾರವಿರಲಿಲ್ಲ.

ಹೊರಡುವಾಗ ಗೌರೀಶ ಕೀಯನ್ನು ಅವಳ ಕೈಗೆ ಕೊಟ್ಟ. "ನೀನೇ ಓಡ್ಸು."

ಏಪ್ರಿಲ್ ಆದ ಮೇಲೆ ಅವಳು ಸ್ಟೇರಿಂಗ್ ಮುಟ್ಟಿರಲಿಲ್ಲ. ಊರಿನ ಟ್ರಾಫಿಕ್ಕು ದಾಟಿ ಗೊರೂರು ರಸ್ತೆಗೆ ಬಿದ್ದ ಮೇಲೆ ಕೈ ತಾನಾಗಿ ಹದಕ್ಕೆ ಬಂತು. ಮೋಡ ಕವಿದಿತ್ತು. ಅವತ್ತು ಕಾರು ಏರಿದ್ದ ಆ ರಸ್ತೆ ಈಗ ಎದುರಿನಿಂದ ಇಳಿಜಾರಾಗಿ ಬಂತು. ಇಳಿದು, ಸೇತುವೆ ದಾಟಿ, ಹೊಳೆಯ ಆಚೆಯ ದಡ ಹತ್ತುವಾಗ ಗೌರೀಶ ಕೇಳಿದ:

"ಎಳೀತಿದೆಯಾ?"

"ಗೊತ್ತಾಗ್ತಿಲ್ಲ" ಎಂದಳು. ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ.

ಮೇಲೆ ಹತ್ತಿದ ಮೇಲೆ ಅವನು, "ನಿಲ್ಸು" ಎಂದ. ಇಳಿದು ರಸ್ತೆಯ ಪಕ್ಕ ಹೋಗಿ ಬೆನ್ನು ತಿರುಗಿಸಿ ನಿಂತ. ಭುಜಗಳು ಅಲುಗುತ್ತಿದ್ದವು. ಅವಳೂ ಇಳಿದು ಹೋದಳು. ಅವನ ಬೆನ್ನ ಮೇಲೆ ಕೈಯಿಡಬೇಕು ಎಂಬುದು ತಲೆಗೆ ಹೊಳೆಯಿತು. ಇಟ್ಟಳು. ಅವಳ ಕಣ್ಣಲ್ಲಿ ನೀರು ಬರಲಿಲ್ಲ.

"ಮುಖ ನೋಡಿದ್ರಾ?" ಎಂದು ಕೇಳಿದಳು.

"ಯಾರದು?"

"ಅವಳದು. ನನಗೆ ಯಾರೂ ತೋರಿಸ್ಲಿಲ್ಲ. ನೋಡಬಾರದು ಅಂದ್ರು."

ಗೌರೀಶ ಮುಖ ಒರೆಸಿಕೊಂಡ. "ನೋಡ್ದೆ. ಅಪ್ಪಾಜಿ ಬೇಡ ಅಂದ್ರು, ಆದ್ರೂ ಬಟ್ಟೆ ಸರಿಸಿ ನೋಡ್ದೆ. ತಲೆ ತುಂಬ ಕೂದಲು ಇತ್ತು ಕಣೆ. ಗದ್ದ ನಿಂದೇ. ಒಂದು ಕೈ ಮುಷ್ಟಿ ಹಿಡ್ಕೊಂಡಿತ್ತು. ಬಿಡಿಸಿ ನನ್ನ ಬೆರಳು ಇಡಣ ಅಂತ ನೋಡ್ದೆ. ಆಗ್ಲಿಲ್ಲ."

"ಆಮೇಲೆ?"

"ಆಮೇಲೆ ಮಲ್ಲಿಪಟ್ಟಣದ ನಮ್ಮ ಹೊಲದಲ್ಲಿ, ಬೇಲಿ ಹತ್ರ ಮಣ್ಣು ಮಾಡಿದ್ವಿ. ಅಯ್ನೋರು ಬಂದು ವಿಭೂತಿ ಹಚ್ಚಿದ್ರು."

"ನನ್ನ ಅಲ್ಲಿಗೆ ಕರ್ಕೊಂಡ್ ಹೋಗಿ."

"ಈಗ್ಲೇ? ಅಮ್ಮ ಕಾಯ್ತಿರ್ತಾರೆ."

"ಕಾಯ್ಲಿ."

ಅರಕಲಗೂಡಿನಲ್ಲಿ ಮನೆಯ ಬೀದಿಗೆ ತಿರುಗದೆ ಅವಳು ಮುಂದೆ ಓಡಿಸಿದಳು. ಅವನು ದಾರಿ ಹೇಳುತ್ತಾ ಹೋದ. ಹೊಲದ ಹತ್ತಿರ ಕಾರು ನಿಲ್ಲಿಸಿ ಬದುವಿನ ಮೇಲೆ ನಡೆದರು. ಉತ್ತ ಮಣ್ಣು ಮಳೆಗೆ ಮೆತ್ತಗಾಗಿತ್ತು. ಬೇಲಿಯ ಪಕ್ಕ ಅವನು ಇಟ್ಟಿದ್ದ ಮೂರು ಕಲ್ಲುಗಳಲ್ಲಿ ಒಂದು ಉರುಳಿತ್ತು. ಅವನು ಅದನ್ನು ಎತ್ತಿ ಕೂರಿಸಿದ. ಸೌಜನ್ಯ ಚಪ್ಪಲಿ ಬಿಟ್ಟು ನಿಂತಳು. ಇಲ್ಲಿ ಬಂದರೆ ಏನಾದರೂ ಆಗಬಹುದು ಎಂದುಕೊಂಡಿದ್ದಳು. ಏನೂ ಆಗಲಿಲ್ಲ. ಮಣ್ಣು ತಣ್ಣಗಿತ್ತು, ತಣ್ಣಗಿದೆ ಎಂದು ಅಂಗಾಲಿಗೆ ತಿಳಿಯಿತು. ಅವಳು ಕುಕ್ಕುರುಗಾಲಲ್ಲಿ ಕುಳಿತು ಕಲ್ಲಿನ ಸುತ್ತ ಬೆಳೆದಿದ್ದ ಹುಲ್ಲನ್ನು ಕಿತ್ತಳು. ಅವನೂ ಕುಳಿತು ಕಿತ್ತ. ಹನಿ ಬೀಳಲು ಶುರುವಾದಾಗ ಎದ್ದರು.

ಮನೆಗೆ ಬಂದಾಗ ದಾಕ್ಷಾಯಣಮ್ಮ ಬಾಗಿಲಲ್ಲೇ ನಿಂತಿದ್ದರು. ಕಾರಿನ ಮುಂದಿನ ಜಾಲರಿಯ ಹಿಂದೆ ಹೊಳೆಯುತ್ತಿದ್ದ ಹೊಸ ಲೋಹವನ್ನು ನೋಡಿ ಬೈಯಲು ಬಾಯಿ ತೆರೆದರು. ಆಮೇಲೆ ಇಬ್ಬರ ಕಾಲಿನ ಕೆಂಪು ಮಣ್ಣನ್ನು ನೋಡಿದರು. ಒಳಗೆ ಹೋಗಿ ಬಿಸಿನೀರಿನ ಚೊಂಬು ತಂದು ಸೊಸೆಯ ಕಾಲಿಗೆ ತಾವೇ ಸುರಿದರು.

"ಅಮ್ಮ, ನಿಮಗೊಂದು ವಿಷ್ಯ ಹೇಳ್ಬೇಕು. ಡಾಕ್ಟರು ಹೇಳಿದ್ದು" ಎಂದ ಗೌರೀಶ.

"ಊಟ ಆಗ್ಲಿ" ಎಂದರು ದಾಕ್ಷಾಯಣಮ್ಮ. "ಬೆಳಗ್ಗಿಂದ ಏನು ತಿಂದಿದ್ದೀರೋ ಏನೋ."

ಅಕ್ಕಿರೊಟ್ಟಿ ಮಾಡಿದ್ದರು. ಸೌಜನ್ಯಳಿಗೆ ಹಸಿವಿರಲಿಲ್ಲ. ಗೌರೀಶ ತನ್ನ ತಟ್ಟೆಯಿಂದ ಅರ್ಧ ಮುರಿದು ಅವಳ ತಟ್ಟೆಗೆ ಹಾಕಿದ. ಅದನ್ನು ತಿಂದಳು. ಇನ್ನರ್ಧ ಹಾಕಿದ. ಅದನ್ನೂ ತಿಂದಳು.